ಎಕ್ಸಾಸ್ಟ್ ಗ್ಯಾಸ್ಕೆಟ್ ಹೋಗಿದೆ, ಪೇಸ್ಟ್ ಹಚ್ಚಿದ್ರೆ ಸಾಕಲ್ವಾ?

ಪ್ರಶ್ನೆ: ಸರ್, ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬರುತ್ತೆ. ಬಿಸಿಯಾದ ಮೇಲೆ ಕಮ್ಮಿಯಾಗುತ್ತೆ. ಎಕ್ಸಾಸ್ಟ್ ಗ್ಯಾಸ್ಕೆಟ್ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳಿದ್ರು. ನಮ್ಮ ಭಾವ ಟ್ಯೂಬಿನಲ್ಲಿ ಬರೋ, ಸಂದಿ ಮುಚ್ಚೋ ಪೇಸ್ಟ್ ಹಚ್ಚಿದ್ರೆ ಸಾಕು ಅಂತಾರೆ. ಏನು ಮಾಡಲಿ?
– ಮಂಡ್ಯದ ಓದುಗರು

ಉತ್ತರ: ಮೆಕ್ಯಾನಿಕ್ ಹೇಳಿದ್ದು ಸರಿ, ಭಾವ ಹೇಳಿದ್ದು ತಪ್ಪು. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಮುಂದಿನ ತಿಂಗಳು ಇನ್ಯಾರದೋ ಭಾವ ಇದನ್ನೇ ಹೇಳಿರುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ, ಅಲ್ಲಿಂದ ಹೊಗೆಯನ್ನು ಸೈಲೆನ್ಸರ್ ಕಡೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನಡುವೆ ಕೂರುವ ತೆಳುವಾದ ತಗಡಿನಂಥದ್ದೇ ಈ ಗ್ಯಾಸ್ಕೆಟ್. ಅದು ಸುಟ್ಟು ಸಂದಿ ಬಿಟ್ಟರೆ ಹೊಗೆ ಅಲ್ಲಿಂದ ನುಗ್ಗುತ್ತದೆ. ಆ ಟಿಕ್ ಟಿಕ್ ಅದರದ್ದೇ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದಿ ಮುಚ್ಚಿಕೊಂಡು ಸದ್ದು ತಗ್ಗುತ್ತದೆ, ಅಷ್ಟೇ. ಇಂಜಿನ್ ವಾಲ್ವ್‌ಗಳನ್ನು ತಳ್ಳುವ ಟ್ಯಾಪೆಟ್‌ಗಳ ಸದ್ದೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಹಾಗಾಗಿ ಕಿವಿಯೊಂದನ್ನೇ ನಂಬಬೇಡಿ. ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಾಕಿ ಮ್ಯಾನಿಫೋಲ್ಡ್ ಅಂಚು ನೋಡಿ. ಲೀಕ್ ಇರುವ ಕಡೆ ಹೆಡ್ಡಿನ ಮೇಲೆ ಮಸಿ ಚಿಮ್ಮಿದ ಕಪ್ಪು ಗೆರೆ ಕಾಣುತ್ತದೆ.

ಈಗ ಪೇಸ್ಟ್ ವಿಷಯ. ಟ್ಯೂಬಿನ ಮೇಲೆ ‘ಹೈ ಟೆಂಪರೇಚರ್’ ಅಂತ ಬರೆದಿರುತ್ತಲ್ಲ ಸರ್, ಅನ್ನುತ್ತೀರಿ. ಬರೆದಿರುತ್ತದೆ, ಸುಳ್ಳೂ ಅಲ್ಲ. ಅಂಥ ಸಿಲಿಕಾನ್ ಪೇಸ್ಟ್ ಸುಮಾರು 300 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಅಷ್ಟು ಬಿಸಿಯಾಗದ ಆಯಿಲ್ ಸಂಪಿಗೆ, ವಾಲ್ವ್ ಕವರಿಗೆ ಅದು ಧಾರಾಳ ಸಾಕು. ಆದರೆ ನೀವು ನಾಲ್ಕು ಜನರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಪೆಟ್ರೋಲ್ ಕಾರಿನ ಹೊಗೆ 700–800 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಸಿಲಿಕಾನ್ ಪುಡಿಯಾಗಿ ಉದುರುತ್ತದೆ. ಎಂ-ಸೀಲ್ ಮಾತಂತೂ ಎತ್ತಲೇಬೇಡಿ.

‘ನಮ್ಮ ಕಾರಿಗೆ ಹಚ್ಚಿದ್ದೆವು, ಸದ್ದು ನಿಂತಿತ್ತು’ ಅನ್ನುವವರಿಗೂ ಉತ್ತರ ಇದೆ. ನಿಲ್ಲುತ್ತದೆ, ಯಾಕೆ ನಿಲ್ಲಲ್ಲ? ಹಸಿ ಪೇಸ್ಟ್ ಸಂದಿಗೆ ತುಂಬಿಕೊಂಡಿರುತ್ತದೆ, ನೀವು ಹಾಲು ತರಕಾರಿಗೆ ಅಂತ ಊರೊಳಗೇ ಓಡಾಡುತ್ತಿರುತ್ತೀರಿ. ಬೆಂಗಳೂರು ಹೈವೇಗೆ ಇಳಿದು ಒಂದು ಗಂಟೆ ಒತ್ತಿ ಓಡಿಸಿ ನೋಡಿ, ಆಮೇಲೆ ಮಾತಾಡೋಣ.

ಬರೀ ಶಾಖದ ಪ್ರಶ್ನೆಯಾಗಿದ್ದರೆ ಇನ್ನೂ ಗಟ್ಟಿ ಪೇಸ್ಟ್ ಹುಡುಕಬಹುದಿತ್ತು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಹೆಡ್ ಅಲ್ಯೂಮಿನಿಯಂ, ಮ್ಯಾನಿಫೋಲ್ಡ್ ಬೀಡುಕಬ್ಬಿಣ ಅಥವಾ ಸ್ಟೀಲ್. ಒಂದೇ ಬಿಸಿಗೆ ಅಲ್ಯೂಮಿನಿಯಂ ಬೀಡಿನ ಎರಡರಷ್ಟು ಹಿಗ್ಗುತ್ತದೆ. ಅಂದರೆ ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗಲೂ ಎರಡೂ ಒಂದರ ಮೇಲೊಂದು ಕೂದಲೆಳೆಯಷ್ಟು ಜರುಗುತ್ತವೆ. ಪದರ ಪದರದ ಸ್ಟೀಲ್ ಗ್ಯಾಸ್ಕೆಟ್, ಗ್ರಾಫೈಟ್ ಗ್ಯಾಸ್ಕೆಟ್ ಈ ಜರುಗಾಟಕ್ಕೆಂದೇ ಮಾಡಿದವು. ಪೇಸ್ಟ್ ಎರಡೂ ಕಡೆ ಕಚ್ಚಿಕೊಂಡು ಆ ಎಳೆದಾಟಕ್ಕೆ ಕಿತ್ತುಹೋಗುತ್ತದೆ. ಕೆಲವು ಪೇಸ್ಟ್‌ಗಳ ಆವಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ. ಗ್ಯಾಸ್ಕೆಟ್ ದುಡ್ಡು ಉಳಿಸಲು ಹೋಗಿ ಸೆನ್ಸರಿಗೆ ತೆತ್ತವರು ಇದ್ದಾರೆ.

‘ಸರಿ, ಹೊಸ ಗ್ಯಾಸ್ಕೆಟ್ಟೇ ಹಾಕಿ ಅದರ ಮೇಲೆ ಸ್ವಲ್ಪ ಪೇಸ್ಟ್ ಬಳಿಯೋಣ, ಭದ್ರವಾಗಿರುತ್ತೆ’ ಅನ್ನುವುದು ಇದರ ತಮ್ಮ. ಬೇಡ ಸ್ವಾಮಿ. ಆ ಪೇಸ್ಟ್ ಸುಟ್ಟು ಉದುರಿದಾಗ ಗ್ಯಾಸ್ಕೆಟ್ ಮೇಲಿನ ಬಿಗಿ ಸಡಿಲವಾಗುತ್ತದೆ. ಕಂಪನಿ ಹಾಗೆ ಹೇಳದ ಹೊರತು ಗ್ಯಾಸ್ಕೆಟ್ಟಿಗೆ ಏನೂ ಹಚ್ಚದೆ ಹಾಗೇ ಕೂರಿಸಿ. ಹಳೇದನ್ನೇ ತೊಳೆದು ಹಾಕಲು ಇದು ಕುಕ್ಕರ್ ಗ್ಯಾಸ್ಕೆಟ್ ಅಲ್ಲ, ಒಮ್ಮೆ ಅಮುಕಿದರೆ ಅದರ ಕೆಲಸ ಮುಗಿಯಿತು.

ಗ್ಯಾಸ್ಕೆಟ್ ಬೆಲೆ ಕಮ್ಮಿ, ಕೂಲಿಯೇ ಜಾಸ್ತಿ. ನಟ್ಟು ಕೂರುವ ಸ್ಟಡ್ (ಮರೆ ಇರುವ ಕಡ್ಡಿ) ತುಕ್ಕು ಹಿಡಿದು ಮುರಿದರೆ ಇನ್ನೂ ಜಾಸ್ತಿ. ಅದಕ್ಕೇ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಲು ಹೇಳಿ. ಎರಡೂ ಮೈ ನುಣ್ಣಗೆ ಕೆರೆದು, ಮ್ಯಾನಿಫೋಲ್ಡಿಗೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕು ನುಸುಳುತ್ತಾ ನೋಡಬೇಕು. ಸೊಟ್ಟಗಾಗಿದ್ದರೆ ಹೊಸ ಗ್ಯಾಸ್ಕೆಟ್ಟೂ ನಿಲ್ಲುವುದಿಲ್ಲ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಬಿಗಿಸಬೇಕು. ಬಲ ಇದೆ ಅಂತ ಕೈಗೆ ಸಿಕ್ಕಷ್ಟು ಬಿಗಿಸುವುದಲ್ಲ. ಇನ್ನು ನಿರ್ವಹಣೆ ಅಂದರೆ ಒಂದೇ ಮಾತು: ಓಡಿಸಿಕೊಂಡು ಬಂದ ಬಿಸಿ ಗಾಡಿಯನ್ನು ನಾಲೆ ಪಕ್ಕ ನಿಲ್ಲಿಸಿ ಇಂಜಿನ್ನಿಗೆ ನೀರು ಎರಚಬೇಡಿ. ಬೀಡು ಸೀಳುತ್ತದೆ.

ಮುಂದೂಡಬಹುದಾ? ಬೇಡ. ಆ ಸಂದಿಯಿಂದ ಹೊರಗಿನ ಗಾಳಿಯೂ ಒಳಗೆ ಸೇರುತ್ತದೆ. ಪೆಟ್ರೋಲ್ ಸಾಲದು ಅಂತ ಆಕ್ಸಿಜನ್ ಸೆನ್ಸರ್ ಮೋಸಹೋಗುತ್ತದೆ, ಇಂಜಿನ್ ಸುಮ್ನೆ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಸಿ ಹಾಕಿದಾಗ ಕ್ಯಾಬಿನ್ನಿಗೆ ಬರುವುದು ಗೊತ್ತೇ ಆಗುವುದಿಲ್ಲ. ಶೆಟರ್ ಎಳೆದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು ಲೀಕ್ ಹುಡುಕಲೂ ಹೋಗಬೇಡಿ.

ಹಾಗೇ ಇನ್ನೊಂದು. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕಿದರೆ ಗ್ಯಾಸ್ಕೆಟ್ ಹೋಗಿದೆ ಅಂತ ಹೆದರುವವರಿದ್ದಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೇ ಹುಟ್ಟುತ್ತದೆ. ತಣ್ಣನೆ ಪೈಪಿನಲ್ಲಿ ಆ ಆವಿ ನೀರಾಗಿ ಇಳಿಯುತ್ತದೆ. ಕುವೆಂಪುನಗರದಿಂದ ದೇವರಾಜ ಮಾರ್ಕೆಟ್‌ಗೆ ಹೋಗಿ ಬರುವುದಷ್ಟೇ ಕೆಲಸವಾದರೆ ಆ ನೀರು ಒಣಗುವುದೇ ಇಲ್ಲ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಆದರೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಕೂಲಂಟ್ ಕೂಡ ಇಳಿಯುತ್ತಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ಅದು ಹೆಡ್ಡಿಗೂ ಅದರ ಕೆಳಗಿನ ಇಂಜಿನ್ ಬ್ಲಾಕಿಗೂ ನಡುವಿನ ಬೇರೆ ಗ್ಯಾಸ್ಕೆಟ್, ಖರ್ಚೂ ಬೇರೆ. ಆಗ ಗಾಡಿ ಓಡಿಸಬೇಡಿ, ಟೋ ಮಾಡಿಸಿ.