ಬಿಸಿಲು ಯಾವ ಕಡೆ, ಡ್ಯಾಮಿನಲ್ಲಿ ನೀರೆಷ್ಟು: ಫೋಟೋಗೆ ಊರು ಆರಿಸುವ ಬಗೆ

"ಸಾರ್, ಮೂರು ದಿನ ರಜೆ ಇದೆ, ಫೋಟೋಗೆ ಒಳ್ಳೆ ಜಾಗ ಹೇಳಿ." ವಾರಕ್ಕೆ ಎರಡಾದರೂ ಇಂಥ ಮೆಸೇಜ್ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಯಾವ ತಿಂಗಳು? ಅದು ಗೊತ್ತಾಗದೆ ಜಾಗ ಹೇಳಲು ನನಗೆ ಆಗುವುದಿಲ್ಲ. ಮದುವೆ ಸೀಸನ್‌ನಲ್ಲಿ ಮದುವೆ, ಉಳಿದ ದಿನಗಳಲ್ಲಿ ತಿರುಗಾಟ, ಹೀಗೆ ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದು ದುಡಿಯುತ್ತಿದ್ದೇನೆ. ಮನೆಯಿಂದ ಹೊರಡುವ ಮುಂಚೆ ಈಗಲೂ ಎರಡು ವಿಷಯ ನೋಡುತ್ತೇನೆ. ಆ ಊರಿನಲ್ಲಿ ಈ ತಿಂಗಳು ಬಿಸಿಲು ಯಾವ ಗೋಡೆಗೆ ಬೀಳುತ್ತದೆ? ಅಲ್ಲಿ ಹೊಳೆ, ಕೆರೆ, ಡ್ಯಾಮು ಇದ್ದರೆ ನೀರು ಎಲ್ಲಿವರೆಗೆ ಬಂದಿದೆ? ಇವೆರಡು ಕೂಡಿ ಬಂದರೆ ನಾಲ್ಕನೇ ಸಲ ಹೋದ ಊರೂ ಹೊಸದಾಗಿ ಕಾಣುತ್ತದೆ.

ನನ್ನ ಮೊದಲ ಪ್ರೀತಿ ಹಂಪಿ. ಇದನ್ನು ಹೇಳಲು ಯಾವ ಸಂಕೋಚವೂ ಇಲ್ಲ. ಎಲ್ಲರೂ ಹೋಗುತ್ತಾರೆ, ಎಲ್ಲರ ಫೋನಿನಲ್ಲೂ ಕಲ್ಲಿನ ರಥ ಇದೆ, 50 ರೂಪಾಯಿ ನೋಟಿನ ಮೇಲೂ ಇದೆ. ಆದರೂ ಕರ್ನಾಟಕದಲ್ಲಿ ಒಂದೇ ಊರಿಗೆ ಹೋಗಬೇಕು ಅಂದರೆ ನಾನು ಹೊಸಪೇಟೆ ರೈಲು ಹತ್ತುತ್ತೇನೆ.

ಅಲ್ಲಿ ಬೆಳಿಗ್ಗೆ ಮಾತಂಗ ಬೆಟ್ಟ ಹತ್ತಬೇಕು. ಕತ್ತಲಿರುವಾಗಲೇ ಹೊರಡಿ, ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ. ಮೇಲೆ ನಿಂತರೆ ಸೂರ್ಯ ಹುಟ್ಟುವ ಕಡೆ ಕೆಳಗೆ ಅಚ್ಯುತರಾಯನ ಗುಡಿ ಕಾಣುತ್ತದೆ. ಮಂಜು ಇದ್ದ ದಿನ ಗೋಡೆಗಳು ಒಂದರ ಹಿಂದೆ ಒಂದು ಮಸುಕಾಗುತ್ತಾ ಹೋಗುತ್ತವೆ. ಎಲ್ಲರ ಕ್ಯಾಮೆರಾನೂ ಆ ಕಡೆಗೇ ಇರುತ್ತದೆ. ಸೂರ್ಯ ಒಂದು ಮಾರು ಮೇಲೆ ಬಂದ ಮೇಲೆ ಸುಮ್ನೆ ಹಿಂದೆ ತಿರುಗಿ ನೋಡಿ. ವಿರೂಪಾಕ್ಷನ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ, ನೀವು ಅದರ ಪೂರ್ವಕ್ಕೆ ಇದ್ದೀರಿ, ಹಾಗಾಗಿ ಮೊದಲ ಹಳದಿ ಬೆಳಕು ನೇರ ಅದರ ಮೇಲೆ ಬೀಳುತ್ತದೆ, ಸುತ್ತಲಿನ ಬಂಡೆಗಳು ಇನ್ನೂ ನೀಲಿ ನೆರಳಲ್ಲೇ ಇರುತ್ತವೆ. ಆ ಬಣ್ಣ ತುಂಬಾ ಹೊತ್ತು ನಿಲ್ಲುವುದಿಲ್ಲ. ಉದ್ದ ಲೆನ್ಸ್ ಮೊದಲೇ ಹಾಕಿಕೊಂಡು ಕಾಯಬೇಕು, ಆಮೇಲೆ ಚೀಲದಲ್ಲಿ ಹುಡುಕುತ್ತಾ ಕೂತರೆ ಬೆಳಕು ಹೋಗಿರುತ್ತದೆ.

ಬೆಟ್ಟ ಇಳಿದು ತಿಂಡಿ ತಿಂದು ವಿರೂಪಾಕ್ಷನ ಗುಡಿಗೆ ಹೋಗಿ. ಒಳಗೆ ಹಿಂಭಾಗದಲ್ಲಿ ಒಂದು ಕತ್ತಲೆ ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ಎದುರಿನ ಗೋಡೆ ಮೇಲೆ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿ ದಾಟಿ ಕೆಳಕ್ಕೆ ಹೋಗುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ ಹೋಗುತ್ತದೆ, ಅದಕ್ಕೇ ಚಿತ್ರ ಉಲ್ಟಾ. ನಿಮ್ಮ ಕೈಯಲ್ಲಿರುವ ಕ್ಯಾಮೆರಾದ ಒಳಗೆ ನಡೆಯುವುದೂ ಇದೇ ಕೆಲಸ. ಹೊಸದಾಗಿ ಕಲಿಯುವವರನ್ನು ನಾನು ಪಾಠಕ್ಕೆ ಮುಂಚೆ ಆ ಗೋಡೆ ಮುಂದೆ ನಿಲ್ಲಿಸುತ್ತೇನೆ. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಿಂಡಿ, ಏನು ಅಂತ ಬೋರ್ಡ್ ಮೇಲೆ ಬರೆದು ಹೇಳುವುದಕ್ಕಿಂತ ಆ ಐದು ನಿಮಿಷ ಜಾಸ್ತಿ ಕಲಿಸುತ್ತದೆ.

ಹಂಪಿಯ ಹಳೇ ಫೋಟೋಗಳನ್ನೂ ನೋಡಿಕೊಂಡು ಹೋಗಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಈ ಊರನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಇಲ್ಲ. ನೂರಕ್ಕೂ ಹೆಚ್ಚು ವರ್ಷದ ನಂತರ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನು ನಿಂತ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ಮೈ ಜುಮ್ಮೆಂದಿತ್ತು. ಅವತ್ತಿನಿಂದ ನಾನೂ ಹಂಪಿಯ ಹೇಮಕೂಟ ಬೆಟ್ಟದ ಒಂದೇ ಬಂಡೆ ಮೇಲೆ ನಿಂತು ಪ್ರತಿ ಸಲ ಒಂದು ಫೋಟೋ ತೆಗೆಯುತ್ತೇನೆ. ಅದನ್ನು ಯಾರಿಗೂ ಮಾರುವುದಿಲ್ಲ.

ಯಾವ ತಿಂಗಳು ಅಂದರೆ, ಎಲ್ಲರೂ ಚಳಿಗಾಲ ಅನ್ನುತ್ತಾರೆ. ತಿರುಗಲು ಹಿತ, ನಿಜ. ನನಗೆ ಆಗಸ್ಟ್, ಸೆಪ್ಟೆಂಬರ್ ಇಷ್ಟ. ಮೋಡ ಇರುತ್ತದೆ, ಬಂಡೆಗಳ ನಡುವೆ ಗದ್ದೆ, ಬಾಳೆತೋಟ ಹಸಿರಾಗಿರುತ್ತವೆ. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಹೊಳೆ ದಡದ ಪುರಂದರದಾಸರ ಮಂಟಪ ಮುಳುಗುತ್ತದೆ. ಆ ದಿನಗಳಲ್ಲಿ ದೂರ ನಿಂತೇ ತೆಗೆಯಿರಿ, ನೀರಿನ ಹತ್ತಿರ ಹೋಗಬೇಡಿ. ಟ್ರೈಪಾಡ್ ಬಗ್ಗೆ ಒಂದು ಮಾತು: ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಅದಕ್ಕೆ ಅನುಮತಿ ಬೇಕು, ಗೇಟಿನಲ್ಲಿ ವಾದ ಮಾಡಿ ಬೆಳಕು ಕಳೆದುಕೊಳ್ಳಬೇಡಿ.

ಇನ್ನು ಹಳೇಬೀಡು. ಇಲ್ಲಿ ಜನ ಹೊತ್ತು ತಪ್ಪುತ್ತಾರೆ. ಬೆಳಿಗ್ಗೆ ಬೇಗ ಹೋಗಬೇಕು ಅಂತ ಎಲ್ಲೋ ಓದಿ ಏಳು ಗಂಟೆಗೇ ಬರುತ್ತಾರೆ, ಹೊಯ್ಸಳೇಶ್ವರ ಗುಡಿಯ ಹಿಂದಿನ ಗೋಡೆ ಪೂರ್ತಿ ನೆರಳಲ್ಲಿರುತ್ತದೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ನೋಡಲೇಬೇಕಾದ ಕೆತ್ತನೆಗಳ ದೊಡ್ಡ ಪಾಲು ಹಿಂದೆ, ಪಶ್ಚಿಮದ ಗೋಡೆಯಲ್ಲಿದೆ. ಬಳಪದ ಕಲ್ಲಿನ ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗಬೇಕು. ಮುಂದಿನಿಂದ ನೇರ ಬಿದ್ದರೆ ಚಪ್ಪಟೆ. ಮಧ್ಯಾಹ್ನ ಸೂರ್ಯ ತಲೆ ದಾಟಿ ಪಶ್ಚಿಮಕ್ಕೆ ವಾಲುತ್ತಿದ್ದಂತೆ, ಎರಡು ಗಂಟೆಯ ಆಸುಪಾಸಿನಲ್ಲಿ, ಬೆಳಕು ಮೇಲಿನಿಂದ ಗೋಡೆ ಸವರಿ ಇಳಿಯುತ್ತದೆ. ಆಗ ನೋಡಿ, ಒಂದೊಂದು ಸರದ ಮಣಿಗೂ ಅದರದ್ದೇ ನೆರಳು ಬರುತ್ತದೆ! ಮಧ್ಯಾಹ್ನ ಕ್ಯಾಮೆರಾ ಮುಟ್ಟಬಾರದು ಅನ್ನುವ ಮಾತು ಮುಖಗಳಿಗೆ ಸರಿ, ಈ ಗೋಡೆಗೆ ಸರಿಯಲ್ಲ. ಗೋಡೆ ನೇರವಾಗಿಲ್ಲ, ನಕ್ಷತ್ರದ ಮೂಲೆಗಳ ಹಾಗೆ ಮಡಚಿಕೊಂಡು ಹೋಗುತ್ತದೆ. ಅದರಿಂದ ಒಂದು ಮುಖ ಚಪ್ಪಟೆಯಾದಾಗ ಪಕ್ಕದ ಮುಖಕ್ಕೆ ಓರೆ ಬೆಳಕು ಸಿಗುತ್ತಿರುತ್ತದೆ. ಬೇಲೂರು, ಸೋಮನಾಥಪುರದಲ್ಲೂ ಇದೇ ಲೆಕ್ಕ. ಈ ಮೂರೂ 2023ರಲ್ಲಿ ವಿಶ್ವಪರಂಪರೆ ಪಟ್ಟಿಗೆ ಸೇರಿದವು, ಜನ ಜಾಸ್ತಿಯಾಗಿದ್ದಾರೆ, ವಾರದ ನಡುವೆ ಹೋಗಿ.

ಉತ್ತರದ ಗೋಡೆಗಳ ಕಥೆ ಬೇರೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ, ಉತ್ತರಕ್ಕೆ ಮುಖ ಮಾಡಿದ ಕೆತ್ತನೆಗೆ ನೇರ ಬಿಸಿಲೇ ಇಲ್ಲ. ಹಳೇಬೀಡು ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ನಡು ಮಧ್ಯಾಹ್ನದ ಸೂರ್ಯ ತಲೆಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ವರ್ಷದಲ್ಲಿ ಆ ಗೋಡೆಗೆ ಮೇಲಿನಿಂದ ಓರೆ ಬೆಳಕು ಸಿಗುವುದು ಆಗ ಮಾತ್ರ, ಅದೂ ಮೋಡ ಬಿಟ್ಟುಕೊಟ್ಟರೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಡಿಸೆಂಬರ್‌ನಲ್ಲಿ ಎರಡು ದಿನ ಕಾದು ವಾಪಸ್ ಬಂದ ಮೇಲೆ ಶಾಲೆಯ ಭೂಗೋಳ ನೆನಪಾಯಿತು.

ಬಾದಾಮಿಗೂ ಈ ಲೆಕ್ಕ ಬೇಕು. ಗುಹೆಗಳು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮುಖ ಮಾಡಿವೆ. ನೇರ ಬಿಸಿಲು ಇಲ್ಲದಿದ್ದರೂ ಬೇಸರವಿಲ್ಲ, ಹೊರಗಿನ ಕೆಂಪು ಕಲ್ಲಿನ ಮೇಲೆ ಬಿದ್ದ ಬೆಳಕು ಒಳಕ್ಕೆ ಚಿಮ್ಮಿ ಮೂರ್ತಿಗಳಿಗೆ ಬೆಚ್ಚಗಿನ ಬಣ್ಣ ಕೊಡುತ್ತದೆ. ಬಣ್ಣವನ್ನು ತಾನೇ ಸರಿಮಾಡುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಆ ಬಣ್ಣವನ್ನೇ ತಪ್ಪು ಅಂದುಕೊಂಡು ತೆಗೆದು ಹಾಕುತ್ತದೆ, ಡೇಲೈಟ್‌ಗೆ ಇಟ್ಟುಬಿಡಿ. ಸಂಜೆಗೆ ಅಗಸ್ತ್ಯ ತೀರ್ಥದ ದಡದಲ್ಲಿ ಇರಿ. ಭೂತನಾಥ ಗುಡಿ ಕೆರೆಯ ಪೂರ್ವದ ತುದಿಯಲ್ಲಿದೆ, ಮುಳುಗುವ ಸೂರ್ಯನ ಬೆಳಕು ಕೆರೆ ದಾಟಿ ಬಂದು ಗುಡಿ ಮೇಲೂ ಹಿಂದಿನ ಬಂಡೆ ಮೇಲೂ ಬೀಳುತ್ತದೆ. ಗಾಳಿ ನಿಂತಿದ್ದರೆ ಎರಡೂ ನೀರಿನಲ್ಲಿ ಕಾಣುತ್ತವೆ. ಪಟ್ಟದಕಲ್ಲನ್ನು ಮಾರನೇ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಈಗ ನೀರಿನ ವಿಷಯ. ಪತ್ರಿಕೆಯಲ್ಲಿ ಜಲಾಶಯಗಳ ನೀರಿನ ಮಟ್ಟ ಅಂತ ಸಣ್ಣ ಪಟ್ಟಿ ಬರುತ್ತದಲ್ವಾ, ರೈತರ ಹಾಗೆ ನಾನೂ ಅದನ್ನು ಕಾಯುತ್ತೇನೆ. ಹೇಮಾವತಿ ಡ್ಯಾಮಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ. ಅದು ತುಂಬುತ್ತಾ ಬಂದಾಗ ಹಾಸನದ ಶೆಟ್ಟಿಹಳ್ಳಿಯ ಹಳೇ ಚರ್ಚ್ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದರೊಳಗೆ ನಡೆದೇ ಹೋಗಬಹುದು. ಒಂದೇ ಕಟ್ಟಡ, ಆದರೆ ಎರಡು ಬೇರೆ ಫೋಟೋ. ಜೋಗದ ಮೇಲ್ಭಾಗದ ಲಿಂಗನಮಕ್ಕಿ ಡ್ಯಾಮು 1819 ಅಡಿ ಮುಟ್ಟಿ ಗೇಟು ತೆಗೆದರು ಅಂದರೆ ಜನ ಜೋಗಕ್ಕೆ ಓಡುತ್ತಾರೆ. ಕಣ್ಣಿಗೆ ಅದು ಹಬ್ಬವೇ ಸರಿ, ಆದರೆ ಕ್ಯಾಮೆರಾಕ್ಕೆ ಬರೀ ಬಿಳಿ ಹೊಗೆ, ಲೆನ್ಸ್ ಒರೆಸುವುದೇ ಕೆಲಸ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಬೇರೆ ಬೇರೆಯಾಗಿ ಕಾಣಬೇಕು ಅಂದರೆ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹೋಗಿ. ಕಬಿನಿಯಲ್ಲಿ ಇದರ ಉಲ್ಟಾ, ನೀರು ಇಳಿದಷ್ಟೂ ಒಳ್ಳೆಯದು. ಮಾರ್ಚ್‌ನಿಂದ ಮೇ ತನಕ ಹಿನ್ನೀರು ಬಿಟ್ಟುಕೊಟ್ಟ ಜಾಗದಲ್ಲಿ ಹುಲ್ಲು ಚಿಗುರುತ್ತದೆ, ಆನೆ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಕರಿಚಿರತೆ ಸಿಗಲಿ ಅಂತ ಹೋದವರು ಈ ಆನೆಗಳ ಕಡೆ ತಿರುಗಿಯೂ ನೋಡದೆ ವಾಪಸ್ ಬರುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ.

ಹಕ್ಕಿಗೆ ರಂಗನತಿಟ್ಟು. ಫೆಬ್ರವರಿಯಿಂದ ಮೇ ತನಕ ಗೂಡುಗಳು ತುಂಬಿರುತ್ತವೆ. ದೋಣಿ ಅಲ್ಲಾಡುತ್ತದೆ, ಶಟರ್ ಸ್ಪೀಡ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನ ಮಾಡಬೇಡಿ. ಆದರೆ ನನ್ನ ಮನಸ್ಸು ಜಾಸ್ತಿ ಎಳೆಯುವುದು ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರ ಮಧ್ಯದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಕೆಳಗೆ ದನ ಕಟ್ಟಿರುತ್ತಾರೆ, ಅಜ್ಜಿ ಹುಲ್ಲು ಹಾಕುತ್ತಿರುತ್ತಾಳೆ. ಈ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಮಕ್ಕಳು ಅಂತಲೇ ಊರವರು ಹೇಳುವುದು. ಉದ್ದ ಲೆನ್ಸ್ ಚೀಲಕ್ಕೆ ಹಾಕಿ ಅಗಲಕ್ಕೆ ಕಾಣುವ 35 ಎಂಎಂ ಲೆನ್ಸ್ ತೆಗೆಯಿರಿ. ಹಕ್ಕಿ ಸಣ್ಣದಾಗಿ ಕಂಡರೂ ಪರವಾಗಿಲ್ಲ, ಮರ, ಮನೆ, ಮನುಷ್ಯರು ಎಲ್ಲ ಒಂದೇ ಚೌಕಟ್ಟಿಗೆ ಬರಲಿ. ಅವರ ಅಂಗಳಕ್ಕೆ ಕಾಲಿಡುವ ಮುಂಚೆ "ಬರ್ಬೋದಾ ಅಮ್ಮ" ಅಂತ ಒಂದು ಮಾತು ಕೇಳಿ.

ಕೊನೆಗೆ ನನ್ನನ್ನು ಬಹಳ ದಿನ ಕಾಡಿದ ಒಂದು ಘಟನೆ. ಮಲೆನಾಡಿನ ಒಂದು ಕಡೆ ಮಳೆಗಾಲದ ಫೋಟೋ ಟೂರಿಗೆ ಹೋಗಿದ್ದೆ. ರಾತ್ರಿ ಕಾಡಿನಲ್ಲಿ ಮಂಡಲದ ಹಾವೊಂದು ಸಿಕ್ಕಿತು ಅಂತ ಕರೆದರು. ಹೋಗಿ ನೋಡಿದರೆ ಅದನ್ನು ಕೋಲಿನಲ್ಲಿ ಎತ್ತಿ ತಂದು ಪಾಚಿ ಹಿಡಿದ ಕೊಂಬೆ ಮೇಲೆ ಕೂರಿಸಿದ್ದರು. ಹತ್ತು ಫ್ಲಾಶ್ ಒಟ್ಟಿಗೆ ಹೊಡೆಯುತ್ತಿದ್ದವು, ಅದು ಇಳಿಯಲು ನೋಡಿದಾಗಲೆಲ್ಲ ಮತ್ತೆ ಎತ್ತಿ ಇಡುತ್ತಿದ್ದರು. ನಾನೂ ನಾಲ್ಕು ಫೋಟೋ ತೆಗೆದೆ. ಅಲ್ಲೇ ನಿಲ್ಲಿಸಿ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಮನೆಗೆ ಬಂದು ಅವನ್ನು ಅಳಿಸಿದೆ. ಗೂಡುಗಳ ವಿಷಯವೂ ಹೀಗೇ: ಹೊಳೆಯ ರಿವರ್ ಟರ್ನ್ ಹಕ್ಕಿ ಬರೀ ಬಂಡೆ ಮೇಲೆ ಮೊಟ್ಟೆ ಇಡುತ್ತದೆ. ನಾವು ಹತ್ತಿರ ಹೋಗಿ ತಾಯಿ ಎದ್ದು ಹಾರಿದರೆ ಬೇಸಿಗೆಯ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತದೆ. ಅದಕ್ಕೇ ಈಗ ಗೂಡು ಎಲ್ಲಿದೆ, ಹಾವು ಎಲ್ಲಿ ಸಿಕ್ಕಿತು ಅಂತ ಯಾರು ಕೇಳಿದರೂ ನಾನು ಹೇಳುವುದಿಲ್ಲ, ಫೋಟೋ ಜೊತೆ ಜಾಗದ ಹೆಸರೂ ಹಾಕುವುದಿಲ್ಲ. ಹೇಮಕೂಟದಲ್ಲಿ ಯಾವ ಬಂಡೆ ಮೇಲೆ ನಿಲ್ಲುತ್ತೀರಿ ಅಂತ ಬೇಕಾದರೆ ಕೇಳಿ, ಕಾಗದದ ಮೇಲೆ ದಾರಿ ಬರೆದೇ ಕೊಡುತ್ತೇನೆ.