ದೀಪಾವಳಿಗೆ ನಾಯಿಗಳ ಆಶ್ರಯಧಾಮಕ್ಕೆ ಹೋಳಿಗೆ ಒಯ್ಯಬಹುದೇ?

ಪ್ರಶ್ನೆ: ಈ ಸಲ ದೀಪಾವಳಿಗೆ ಪಟಾಕಿ ಬೇಡವೆಂದು ಮನೆಮಂದಿಯೆಲ್ಲ ಒಪ್ಪಿದ್ದೇವೆ. ಅದರ ಬದಲು ಮಕ್ಕಳನ್ನು ಕರೆದುಕೊಂಡು ಊರಾಚೆಯ ನಾಯಿಗಳ ಆಶ್ರಯಧಾಮಕ್ಕೆ ಹೋಗಿ, ನೇಪಾಳದಲ್ಲಿ ಮಾಡುವಂತೆ ಅವಕ್ಕೆ ಹಾರ ಹಾಕಿ, ತಿಲಕವಿಟ್ಟು, ಹೋಳಿಗೆ ತಿನ್ನಿಸಿ ಹಬ್ಬ ಮಾಡಬೇಕೆಂಬ ಆಸೆ. ಮಾಡಬಹುದೇ? ಏನೇನು ಒಯ್ಯಬೇಕು?

ಉತ್ತರ: ಖಂಡಿತ ಹೋಗಿ. ಹೋಳಿಗೆಯನ್ನೂ ಒಯ್ಯಿರಿ, ಆದರೆ ಅದು ನಾಯಿಗಳನ್ನು ನೋಡಿಕೊಳ್ಳುವವರ ಎಲೆಗೆ ಬೀಳಲಿ. ನಾಯಿಗಳಿಗೆ ಬೇಯಿಸಿದ ಮೊಟ್ಟೆ ಇರಲಿ. ಹಾರ, ತಿಲಕ ಬೇಡ. ಏಕೆ ಬೇಡ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿಮ್ಮ ಆಸೆಯ ಬೇರು ಗಟ್ಟಿಯಾಗಿದೆ. ನೇಪಾಳದ ತಿಹಾರ್ ಐದು ದಿನಗಳ ಹಬ್ಬ. ಮೊದಲ ದಿನ ಕಾಗೆಗೆ, ಎರಡನೆಯ ದಿನ ನಾಯಿಗೆ ಪೂಜೆ. ನಮಗೆ ಅಂದು ನರಕ ಚತುರ್ದಶಿ. ನಾವು ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳುವ ಬೆಳಗ್ಗೆ ಕಠ್ಮಂಡುವಿನ ಬೀದಿಗಳಲ್ಲಿ ನಾಯಿಗಳು ಚೆಂಡುಹೂವಿನ ಹಾರ ಹಾಕಿಸಿಕೊಂಡು ಓಡಾಡುತ್ತಿರುತ್ತವೆ. ನಾಯಿಗೆ ಮನ್ನಣೆ ನಮ್ಮಲ್ಲಿಯೂ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲಿನ ಶಾಸನವನ್ನು ನೆನಪಿಸಿಕೊಳ್ಳಿ. ಕಾಳಿ ಎಂಬ ಬೇಟೆನಾಯಿ ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ಒಡೆಯ ಮಣಲೆರ ಕಲ್ಲು ನೆಡಿಸಿ, ಪೂಜೆಗೆಂದು ಭೂಮಿ ಬಿಟ್ಟ. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಬಾರದೆಂಬ ಕಟ್ಟಳೆಯೂ ಅದರಲ್ಲಿದೆ. ಮೊದಲು ನಾಯಿ, ಆಮೇಲೆ ಮನುಷ್ಯನ ತುತ್ತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಬ್ಬದ ರಜೆಯಲ್ಲಿ ಮಕ್ಕಳಿಗೆ ತೋರಿಸಿ.

ಆದರೆ ಕಠ್ಮಂಡುವಿನ ಆ ನಾಯಿಗೆ ಹಾರ ಹಾಕುವ ಕೈ ಅದು ದಿನವೂ ಮೂಸುವ ಕೈ: ತನ್ನ ಮನೆಯವರದು, ತನ್ನ ಬೀದಿಯವರದು. ಆಶ್ರಯಧಾಮದ ನಾಯಿಗೆ ನಿಮ್ಮ ಪರಿಚಯವಿಲ್ಲ. ವಾಹನಕ್ಕೆ ಸಿಕ್ಕಿ ಕಾಲು ಕಳೆದುಕೊಂಡದ್ದು, ಸಾಕಿದವರೇ ಹೆದ್ದಾರಿಯಲ್ಲಿ ಇಳಿಸಿ ಹೋದದ್ದು, ಕಲ್ಲೇಟು ತಿಂದದ್ದು ಅಲ್ಲಿರುತ್ತವೆ. ಹಲವು ನಾಯಿಗಳನ್ನು ಬಲೆ ಬೀಸಿಯೋ ಕುಣಿಕೆ ಹಾಕಿಯೋ ಹಿಡಿದು ತಂದಿರುತ್ತಾರೆ. ಅಪರಿಚಿತರ ಕೈಯಿಂದ ತಲೆಯ ಮೇಲೆ ಏನೋ ಇಳಿಯುತ್ತಿದೆ ಎಂದರೆ ಅಂಥ ನಾಯಿಗೆ ಅದು ಹಾರವೆಂದು ಹೇಗೆ ತಿಳಿಯಬೇಕು?

ಕೆಲವು ವರ್ಷಗಳ ಹಿಂದಿನ ಒಂದು ನರಕ ಚತುರ್ದಶಿಯನ್ನು ನಾನು ಮರೆತಿಲ್ಲ. ನಾನು ಆಗಾಗ ಹೋಗುವ ಆಶ್ರಯಧಾಮಕ್ಕೆ ಹತ್ತು ಹನ್ನೆರಡು ಮಂದಿಯ ಒಂದು ಕುಟುಂಬ ಬಂದಿತ್ತು. ಒಳ್ಳೆಯ ಜನ, ಬುಟ್ಟಿಯ ತುಂಬ ಹೂವು. ಮೂಲೆಯ ಗೂಡಿನಲ್ಲಿದ್ದ ಕಂದು ಬಣ್ಣದ ಕುಂಟ ಹೆಣ್ಣುನಾಯಿಗೆ ಹಾರ ಹಾಕಲು ಮೂವರು ಒಟ್ಟಿಗೆ ಬಗ್ಗಿದರು. ಅದು ಗೋಡೆಗೆ ಒತ್ತಿಕೊಂಡಿತು, ಬಾಲ ಹೊಟ್ಟೆಯಡಿ ಸೇರಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅದೇ ಹೊತ್ತಿಗೆ ಒಬ್ಬರು ಫೋಟೊ ತೆಗೆದರು. ಎಲ್ಲರೂ ಹೋದ ಮೇಲೆ ಅಲ್ಲಿ ಕೆಲಸ ಮಾಡುವ ಅಕ್ಕ ಒಳಗೆ ಹೋಗಿ, ನಾಯಿಯತ್ತ ಪಕ್ಕ ತಿರುಗಿ, ಅದರ ಮುಖ ನೋಡದೆ ನೆಲದ ಮೇಲೆ ಕುಳಿತರು. ಮಾತಿಲ್ಲ. ಒಂದು ಮೊಟ್ಟೆ ಸುಲಿದು, ಮುರಿದು, ತಮ್ಮ ಕಾಲ ಬಳಿ ಇಟ್ಟರು. ಅರ್ಧ ಗಂಟೆ ಆಗಿರಬೇಕು. ನಾಯಿ ಹೊಟ್ಟೆ ಎಳೆಯುತ್ತ ಬಂದು ಮೊದಲು ಬಿಳಿ ಭಾಗವನ್ನು, ಆಮೇಲೆ ಹಳದಿಯನ್ನು ತಿಂದು, ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಆ ದಿನ ಅದಕ್ಕೆ ಹಬ್ಬವಾದದ್ದು ಆಗ.

ಕುಳಿತುಕೊಳ್ಳುವ ಆ ಕ್ರಮವನ್ನೇ ಮಕ್ಕಳಿಗೆ ಮನೆಯಲ್ಲಿ ಕಲಿಸಿ ಕರೆದುಕೊಂಡು ಹೋಗಿ. ಎದುರಿನಿಂದ ನುಗ್ಗಬಾರದು, ಮೇಲಿನಿಂದ ಬಗ್ಗಬಾರದು, ಕಣ್ಣಲ್ಲಿ ಕಣ್ಣಿಡಬಾರದು. ನಾಯಿ ತಾನಾಗಿ ಬಂದು ಮೂಸಿದರೆ ಎದೆಯನ್ನೋ ಭುಜವನ್ನೋ ಸವರಬಹುದು, ನೆತ್ತಿ ಬೇಡ. ಅದು ತುಟಿ ನೆಕ್ಕಿಕೊಳ್ಳುತ್ತಿದ್ದರೆ, ನಿದ್ದೆಯಿಲ್ಲದ ಆಕಳಿಕೆ ತೆಗೆಯುತ್ತಿದ್ದರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಿದ್ದರೆ, ಭಯಗೊಂಡಿದೆ ಎಂದು ತಿಳಿದು ದೂರ ಸರಿಯಬೇಕು. ಹಾರಕ್ಕೆ ಇನ್ನೊಂದು ತೊಡಕೂ ಇದೆ. ಹೂವಿನ ಜೊತೆ ದಾರವನ್ನು ನುಂಗಿದರೆ ಅದು ಕರುಳಿನಲ್ಲಿ ಸಿಕ್ಕಿ ಕರುಳನ್ನೇ ಕೊಯ್ಯಬಹುದು, ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಗುತ್ತದೆ.

ಇನ್ನು ಊಟ. ಹೋಳಿಗೆ, ಕಜ್ಜಾಯ, ಕರ್ಜಿಕಾಯಿಗಳಲ್ಲಿ ಇರುವುದು ಸಕ್ಕರೆ, ಬೆಲ್ಲ, ತುಪ್ಪ, ಎಣ್ಣೆ. ಅಷ್ಟು ಜಿಡ್ಡು ಒಮ್ಮೆಲೇ ಒಳಗೆ ಹೋದರೆ ನಾಯಿಗೆ ವಾಂತಿಭೇದಿ, ಕೆಲವಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ. ಅದು ಪ್ರಾಣಕ್ಕೆ ಬರುವ ಕಾಯಿಲೆ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ. ಸಕ್ಕರೆಯ ಬದಲು ಜೈಲಿಟಾಲ್ ಹಾಕಿದ ತಿಂಡಿ ಅದಕ್ಕಿಂತ ಕ್ರೂರ, ನಾಯಿಯ ರಕ್ತದ ಸಕ್ಕರೆಯನ್ನು ಬಹು ಬೇಗ ಕುಸಿಯುವಂತೆ ಮಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿಯಿಂದ ಮೂತ್ರಪಿಂಡಕ್ಕೆ ಅಪಾಯ. ದ್ರಾಕ್ಷಿ ಏಕೆ ವಿಷವಾಗುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವಿಷ ತಜ್ಞರು ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆಗೆ ಬೊಟ್ಟು ಮಾಡಿದರು. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಅದೇ ಆಮ್ಲ. ಆದ್ದರಿಂದ ಉಳಿದ ಪುಳಿಯೋಗರೆಯನ್ನು ನಾಯಿಗೆ ಹಾಕುವ ಅಭ್ಯಾಸ ಹಬ್ಬದಲ್ಲಷ್ಟೇ ಅಲ್ಲ, ಎಂದೂ ಬೇಡ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಕೊಡಬಹುದಾದದ್ದು ಸರಳ: ಬೇಯಿಸಿದ ಮೊಟ್ಟೆ, ಉಪ್ಪು, ಖಾರ, ಮಸಾಲೆ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿಮಾಂಸ, ಅನ್ನದ ಜೊತೆ ಬೇಯಿಸಿದ ಸಿಹಿಗುಂಬಳ. ಅದನ್ನೂ ಮೊದಲೇ ಕೇಳಿ ಒಯ್ಯಿರಿ. ಔಷಧಿಯಲ್ಲಿರುವ, ಶಸ್ತ್ರಚಿಕಿತ್ಸೆಗೆಂದು ಉಪವಾಸ ಇರಿಸಿದ ನಾಯಿಗಳು ಅಲ್ಲಿರುತ್ತವೆ. ಯಾವುದಕ್ಕೆ ಎಷ್ಟು ಎಂದು ಅಲ್ಲಿಯವರೇ ಹಂಚಲಿ. ಒಂದೇ ಅಂಗಳದಲ್ಲಿ ಇಪ್ಪತ್ತು ನಾಯಿಗಳ ನಡುವೆ ನೀವು ಮೊಟ್ಟೆಯ ಪಾತ್ರೆ ತೆರೆದರೆ ಕಾದಾಟ ಖಚಿತ.

ಮರಿಗಳಿರುವ ಕೋಣೆಗೆ ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮರಿಗಳ ಪ್ರಾಣ ತೆಗೆಯಬಲ್ಲ ವಾಂತಿಭೇದಿ ತರುವ ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಿಮ್ಮ ಚಪ್ಪಲಿಯ ಅಡಿಯಲ್ಲಿಯೇ ಒಳಗೆ ಹೋಗಬಲ್ಲದು. ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಹಿಂದಿರುಗಿದ ಮೇಲೆ ಬಟ್ಟೆ ಬದಲಿಸಿ, ಕೈಕಾಲು ತೊಳೆದೇ ಅದನ್ನು ಮುಟ್ಟಿ. ಎಷ್ಟು ಎಚ್ಚರವಿದ್ದರೂ ಹಲ್ಲೋ ಉಗುರೋ ತಾಗಿ ಗಾಯವಾದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಹೊತ್ತಿನ ವಿಷಯ ಬಹಳ ಮುಖ್ಯ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೊರಡಿ. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಂತರೆ ನಾಯಿಯದು ಸುಮಾರು 45,000ದವರೆಗೂ ಕೇಳುತ್ತದೆ. ನಾವು ಕಿವಿಗೊಟ್ಟರೂ ಸಿಗದ ದೂರದ ಸದ್ದು ಅದಕ್ಕೆ ಸಿಗುತ್ತದೆ. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದ್ದರೂ, ಕತ್ತಲಾಗುವ ಮೊದಲೇ ಎಲ್ಲಿಂದಲೋ ಒಂದು ಢಮ್ ಎನ್ನುತ್ತದೆ. ಆಗ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ನಾಯಿಗಳನ್ನು ಒಳಗೆ ಸೇರಿಸಿ, ಬಾಗಿಲು ಭದ್ರಪಡಿಸುವ ಗಡಿಬಿಡಿ. ಆ ಹೊತ್ತಿನಲ್ಲಿ ಗೇಟು ತೆಗೆದು ಹಾಕುವ ಅತಿಥಿಗಳಿಗಿಂತ ದೊಡ್ಡ ಅಪಾಯವಿಲ್ಲ. ಬೆದರಿದ ನಾಯಿ ಕಾಲುಗಳ ನಡುವೆ ನುಸುಳಿ ಓಡಿದರೆ ಮೈಲಿಗಟ್ಟಲೆ ಓಡುತ್ತದೆ. ದೀಪ, ಆರತಿ, ಊದುಬತ್ತಿ, ಧ್ವನಿವರ್ಧಕ ಇವನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಈಗ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತು. ಹಬ್ಬದ ದಿನ ಆಶ್ರಯಧಾಮದಲ್ಲಿ ಕೊರತೆ ಬೀಳುವುದು ಪ್ರೀತಿಗಲ್ಲ, ಕೈಗಳಿಗೆ. ಕೆಲಸದವರಲ್ಲಿ ಅರ್ಧ ಮಂದಿ ಊರಿಗೆ ಹೋಗಿರುತ್ತಾರೆ. ಉಳಿದವರು ಬೆಳಗ್ಗೆ ಅಭ್ಯಂಜನವೂ ಇಲ್ಲದೆ ಗೂಡು ತೊಳೆಯುತ್ತಿರುತ್ತಾರೆ. ನಾಯಿಗಳಿಗೆ ಹಬ್ಬದ ರಜೆ ತಿಳಿಯದು, ಹಸಿವು ಎಂದಿನ ಹೊತ್ತಿಗೇ ಆಗುತ್ತದೆ. ನಿಮ್ಮಲ್ಲಿ ಇಬ್ಬರು ದೊಡ್ಡವರು ಒಂದು ಬೆಳಗ್ಗೆ ಪೊರಕೆ ಹಿಡಿದು, ನೀರಿನ ಬಟ್ಟಲು ತೊಳೆದು ತುಂಬಿಸಿ, ಒದ್ದೆ ಹಾಸು ಒಗೆದು ಹಾಕಿದರೆ ಅಲ್ಲಿಯ ಒಬ್ಬ ತಾಯಿಗೆ ತನ್ನ ಮಕ್ಕಳ ತಲೆಗೆ ಎಣ್ಣೆ ಹಚ್ಚಲು ಎರಡು ಗಂಟೆ ಸಿಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಮಕ್ಕಳು ಸುಮ್ಮನೆ ನಿಲ್ಲಬೇಕಿಲ್ಲ. ಅಮೆರಿಕದ ಮಿಸೌರಿಯ ಪ್ರಾಣಿದಯಾ ಸಂಸ್ಥೆಯೊಂದರಲ್ಲಿ ಮಕ್ಕಳು ಗೂಡಿನ ಹೊರಗೆ ನೆಲದ ಮೇಲೆ ಕುಳಿತು ಅಂಜುವ ನಾಯಿಗಳಿಗೆ ಪುಸ್ತಕ ಓದಿ ಹೇಳುತ್ತಾರೆ. ನೀವು ಹೋಗುವ ಆಶ್ರಯಧಾಮದವರು ಒಪ್ಪಿದರೆ ನಿಮ್ಮ ಮಕ್ಕಳೂ ಓದಲಿ, ಕನ್ನಡದ ಕಥೆಯನ್ನೇ. ಮೆಲುದನಿಯಲ್ಲಿ ಒಂದೇ ಸಮನೆ ಕೇಳಿಬರುವ ಮಾತಿಗೆ ನಾಯಿ ನಿಧಾನವಾಗಿ ಜಾಲರಿಯ ಹತ್ತಿರ ಬರುತ್ತದೆ.

ಒಯ್ಯುವ ಸಾಮಾನು: ಹಳೆಯ ಹತ್ತಿ ಬೆಡ್‌ಶೀಟು, ಸೀರೆ, ಒಗೆದ ಗೋಣಿಚೀಲ, ಹಳೆಯ ದಿನಪತ್ರಿಕೆ. ದಿಂಬು ಬೇಡ, ಹರಿದು ಹತ್ತಿ ನುಂಗುತ್ತವೆ. ಹಣ ಕೊಡುವುದಾದರೆ ರಸೀದಿ ಕೇಳಿ ಪಡೆಯಿರಿ, ಅನೇಕ ನೋಂದಾಯಿತ ಟ್ರಸ್ಟ್‌ಗಳ ರಸೀದಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗಬಹುದು. ಹಬ್ಬದ ಸಡಗರದಲ್ಲಿ ಅಂದೇ ಒಂದು ನಾಯಿಯನ್ನು ಮನೆಗೆ ತರುವ ಯೋಚನೆ ಮಾತ್ರ ಬೇಡ. ಪಟಾಕಿಯ ವಾರ ಹೊಸ ಮನೆಗೆ ಬರುವುದು ಯಾವ ನಾಯಿಗೂ ಹಿಂಸೆ. ಮನಸ್ಸು ಗಟ್ಟಿಯಿದ್ದರೆ ತುಳಸಿ ಹಬ್ಬ ಕಳೆದ ಮೇಲೆ ಮತ್ತೆ ಹೋಗಿ ನೋಡಿ.

ಹತ್ತು ದಿನ ಮೊದಲೇ ಫೋನ್ ಮಾಡಿ. ಎಷ್ಟು ಜನ, ಯಾವ ವಯಸ್ಸಿನ ಮಕ್ಕಳು ಎಂದು ತಿಳಿಸಿ, ಅವರು ಬೇಡವೆಂದ ದಿನ ಬೇಡ. ಆಮೇಲೆ ಕೇಳಿ: “ಹಬ್ಬದ ದಿನ ನಿಮ್ಮಲ್ಲಿ ಎಷ್ಟು ಜನ ರಜೆ ಹಾಕಿದ್ದಾರೆ, ನಾವು ಎಷ್ಟು ಗಂಟೆಗೆ ಬರಲಿ?”