ಕಲ್ಚರ್ ಮೀಡಿಯಾ: ಭ್ರೂಣದ ಮೊದಲ ದಿನಗಳ ಪೋಷಕ ದ್ರಾವಣ

ಐವಿಎಫ್ ಚಿಕಿತ್ಸೆಯಲ್ಲಿ ದೇಹದ ಹೊರಗೆ ಫಲಿತಗೊಂಡ ಅಂಡಾಣುವನ್ನು ಗರ್ಭಕೋಶಕ್ಕೆ ಸೇರಿಸುವವರೆಗೆ, ಸಾಮಾನ್ಯವಾಗಿ ಮೂರರಿಂದ ಐದು ದಿನ, ಬೆಳೆಸುವ ದ್ರಾವಣವೇ ಕಲ್ಚರ್ ಮೀಡಿಯಾ. ಪುಟ್ಟ ಪ್ಲಾಸ್ಟಿಕ್ ತಟ್ಟೆಯಲ್ಲಿ ಹತ್ತಾರು ಮೈಕ್ರೋಲೀಟರಿನ ಹನಿ, ಅದು ಆವಿಯಾಗದಂತೆ ಮೇಲೆ ಎಣ್ಣೆಯ ಪದರ, ಸುತ್ತಲೂ 37 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ಶೇ. 5–6ರಷ್ಟು ಇಂಗಾಲದ ಡೈಆಕ್ಸೈಡನ್ನೂ ಕಾಯ್ದುಕೊಳ್ಳುವ ಇನ್‌ಕ್ಯುಬೇಟರ್. ಅಂಡನಾಳದ ಕೆಲಸವೆಲ್ಲ ಇಷ್ಟರಿಂದಲೇ ನಡೆಯಬೇಕು.

ದ್ರಾವಣದಲ್ಲಿ ಲವಣಗಳು, ಶಕ್ತಿ ಕೊಡುವ ಪೈರುವೇಟ್, ಲ್ಯಾಕ್ಟೇಟ್, ಗ್ಲೂಕೋಸ್, ಅಮೈನೋ ಆಮ್ಲಗಳು ಹಾಗೂ ಆಲ್ಬುಮಿನ್ ಎಂಬ ಪ್ರೋಟೀನ್ ಇರುತ್ತವೆ. ಆರಂಭದಲ್ಲಿ ಭ್ರೂಣವು ಮುಖ್ಯವಾಗಿ ಪೈರುವೇಟನ್ನು ಬಳಸುತ್ತದೆ. ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ ಅದರ ಸ್ವಂತ ಜೀನ್‌ಗಳು ಚುರುಕಾದ ಮೇಲೆ, ಬ್ಲಾಸ್ಟೊಸಿಸ್ಟ್ (ಸುಮಾರು ಐದನೇ ದಿನದ, ಒಳಗೆ ದ್ರವ ತುಂಬಿದ ಗೋಳದಂಥ ಭ್ರೂಣ) ಆಗುವತ್ತ ಸಾಗುವಾಗ, ಗ್ಲೂಕೋಸಿನ ಬಳಕೆ ಏರುತ್ತದೆ. ಇದಕ್ಕೆ ಹೊಂದುವಂತೆ ನಡುವೆ ದ್ರಾವಣ ಬದಲಿಸುವ ಪದ್ಧತಿಯೂ ಇದೆ, ಒಂದೇ ದ್ರಾವಣದಲ್ಲಿ ಕೊನೆಯವರೆಗೂ ಬಿಡುವ ಪದ್ಧತಿಯೂ ಇದೆ. ಒಳ್ಳೆಯ ಪೋಷಕಾಂಶವೂ ತೊಂದರೆ ತರಬಹುದು: ಗ್ಲುಟಮಿನ್ ಎಂಬ ಅಮೈನೋ ಆಮ್ಲವು ಈ ಶಾಖದಲ್ಲಿ ನಿಧಾನವಾಗಿ ಒಡೆದು, ಭ್ರೂಣಕ್ಕೆ ಒಗ್ಗದ ಅಮೋನಿಯಾವನ್ನು ಬಿಡುವುದರಿಂದ, ಈಗ ಅನೇಕ ದ್ರಾವಣಗಳಲ್ಲಿ ಅದರ ಹೆಚ್ಚು ಸ್ಥಿರವಾದ ರೂಪವನ್ನು ಬಳಸುತ್ತಾರೆ.

ಹಾಗಾಗಿ ದ್ರಾವಣವನ್ನು ಬರೀ ಆಹಾರವೆಂದು ಎಣಿಸುವುದು ಸರಿಯಲ್ಲ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಯಂತ್ರಿಸುವ ರಾಸಾಯನಿಕ ಗುರುತುಗಳು (ಮೀಥೈಲ್ ಗುರುತುಗಳು) ಅಳಿಸಿ ಮರುರೂಪಗೊಳ್ಳುವ ಕಾಲವೂ ಇದೇ ಆಗಿದ್ದು, ದ್ರಾವಣ ಬದಲಾದರೆ ಎಚ್19 ಎಂಬ ಜೀನಿನ ನಿಯಂತ್ರಣವೇ ತಪ್ಪಬಹುದೆಂದು ಇಲಿಗಳ ಭ್ರೂಣಗಳಲ್ಲಿ ಕಂಡುಬಂದಿದೆ. ದನ ಮತ್ತು ಕುರಿಗಳಲ್ಲಿ, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆರೆಸಿದ ದ್ರಾವಣದಲ್ಲಿ ಬೆಳೆದ ಭ್ರೂಣಗಳಿಂದ ಅತಿ ದೊಡ್ಡ ಗಾತ್ರದ ಮರಿಗಳು ಹುಟ್ಟಿದ್ದುಂಟು.

ಮನುಷ್ಯರ ಮಟ್ಟಿಗೆ, ನೆದರ್ಲೆಂಡ್ಸ್‌ನಲ್ಲಿ 836 ದಂಪತಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಬೇಕು. ಒಂದು ಗುಂಪಿಗೆ ಬಳಸಿದ ಎಚ್‌ಟಿಎಫ್ ಎಂಬ ದ್ರಾವಣಕ್ಕಿಂತ ಇನ್ನೊಂದಕ್ಕೆ ಬಳಸಿದ ಜಿ5 ಎಂಬ ದ್ರಾವಣದಲ್ಲಿ ಗರ್ಭಧಾರಣೆಯ ಪ್ರಮಾಣ ಹೆಚ್ಚಿತ್ತು. ಆದರೆ ಆ ಗುಂಪಿನಲ್ಲಿ ಒಂಟಿಯಾಗಿ ಹುಟ್ಟಿದ ಶಿಶುಗಳ ತೂಕ ಸರಾಸರಿ 158 ಗ್ರಾಂ ಕಡಿಮೆಯಿತ್ತು. ಕೆಲವೇ ದಿನಗಳ ವಾಸ, ಒಂಬತ್ತು ತಿಂಗಳ ಬಳಿಕ ತೂಕದಲ್ಲಿ ಕಂಡ ವ್ಯತ್ಯಾಸ! ತೂಕ ಕಡಿಮೆಯಾದ ಮಾತ್ರಕ್ಕೆ ಮಗು ಅಸ್ವಸ್ಥವೆಂದಲ್ಲ. ಆದರೆ ಗರ್ಭ ನಿಂತಿತೇ ಎಂಬ ಒಂದೇ ಅಳತೆ ಸಾಲದೆಂಬುದು ಇದರಿಂದ ಖಚಿತ.

ತಯಾರಕರು ಘಟಕಗಳ ಹೆಸರು ಕೊಟ್ಟರೂ ಪ್ರಮಾಣಗಳನ್ನು ಬಹುತೇಕ ಗುಟ್ಟಾಗಿಡುವುದು ನನ್ನ ದೃಷ್ಟಿಯಲ್ಲಿ ಒಪ್ಪತಕ್ಕದ್ದಲ್ಲ, ಏಕೆಂದರೆ ಎರಡು ದ್ರಾವಣಗಳ ಫಲಿತಾಂಶ ಬೇರೆಯಾದಾಗ ಯಾವ ಘಟಕ ಕಾರಣವೆಂದು ಹುಡುಕಲು ಸಂಶೋಧಕರಿಗೆ ದಾರಿಯಿರುವುದಿಲ್ಲ. ಮಾರಾಟಕ್ಕೆ ಮುನ್ನ ನಡೆಸುವ ಇಲಿ ಭ್ರೂಣ ಪರೀಕ್ಷೆಯೂ, ಭ್ರೂಣ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿತೇ ಎಂಬುದನ್ನಷ್ಟೇ ಸಾಮಾನ್ಯವಾಗಿ ನೋಡುತ್ತದೆ.